ಮನಿ ಬಾಗಿಲಿಗೆ ಬಂದ ಪ್ರಯೋಗಶಾಲೆ

ಮಧ್ಯಾಹ್ನ ಎರಡೂವರೆ ಗಂಟೆಗೆ ಗುಡೂರಿನಂಥ ಊರಿನ ಓಣಿ ಖಾಲಿ ಇರ್ತದೆ. ಗಂಡಸರು ಹೊಲಕ್ಕೋ, ಇಳಕಲ್ಲಿಗೋ, ಬಾಗಲಕೋಟೆಗೋ ಕೆಲಸಕ್ಕೆ ಹೋಗಿರ್ತಾರೆ. ಹುಡುಗರು ಸಾಲಿಯಲ್ಲಿ. ಮನೆಯಲ್ಲಿ ಉಳಿದವರು ಹೆಣ್ಣುಮಕ್ಕಳು ಮತ್ತು ವಯಸ್ಸಾದವರು. ಕೈಮಗ್ಗ ಇರುವ ಮನೆಯಾದರೆ ಒಳಗಿಂದ ಮಗ್ಗದ ಸಪ್ಪಳ ಕೇಳ್ತಿರ್ತದೆ. ಮನೆ ಮನೆ ತಿರುಗಿ ವಸ್ತು ಮಾರುವವರು ಬರೋದು ಸರಿಯಾಗಿ ಈ ಹೊತ್ತಿಗೇ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಕಾರ್ಡು, ಹೆಗಲಿಗೆ ಕರಿ ಬ್ಯಾಗು. ಮೊದಲನೇ ಮಾತು: "ಅಕ್ಕಾರ, ಒಂದು ಗ್ಲಾಸು ನೀರು ಕೊಡ್ರಿ."

ಬಿಸಿಲಲ್ಲಿ ಬಂದವರಿಗೆ ನೀರು ಇಲ್ಲ ಅನ್ನೋ ಮನೆ ನಮ್ಮ ಕಡೆ ಹುಡುಕಿದರೂ ಸಿಗೋದಿಲ್ಲ. ಆದರೆ ಆತ ಆ ನೀರನ್ನು ಕುಡಿಯೋದಿಲ್ಲ. ಕಟ್ಟೆಯ ಮೇಲೆ ಇಟ್ಟು, ಬ್ಯಾಗಿನಿಂದ ಇನ್ನೊಂದು ಬಾಟಲಿ ತೆಗೀತಾನೆ. ಅದರಲ್ಲಿ "ನಮ್ಮ ಮಷೀನಿನ ನೀರು" ಇರ್ತದೆ. ಎರಡೂ ಗ್ಲಾಸು ಪಕ್ಕಪಕ್ಕ. ಎರಡೂ ನೋಡೋಕೆ ಒಂದೇ ಥರ ತಿಳಿ. ಆಮೇಲೆ ಒಂದು ಪುಟ್ಟ ಪೆಟ್ಟಿಗೆ ಹೊರಗೆ ಬರ್ತದೆ. ಅದಕ್ಕೆ ನಾಲ್ಕು ಲೋಹದ ಕಡ್ಡಿ, ಒಂದು ವೈರು. ಪ್ಲಗ್ ಹಾಕಿ, ಕಡ್ಡಿಗಳನ್ನು ಎರಡೂ ಗ್ಲಾಸಿಗೆ ಇಳಿಸಿ, ಒಂದು ನಿಮಿಷ ಕಾಯ್ತಾನೆ. ಮನೆಯ ನೀರು ಮೊದಲು ಹಸಿರಾಗಿ, ಆಮೇಲೆ ಕೆಸರಿನಂತೆ ಕಂದಾಗಿ, ಮೇಲೆ ನೊರೆ ಕಟ್ಟಿ ನಿಲ್ಲುತ್ತದೆ. ಬಾಟಲಿಯ ನೀರು ಹಾಗೇ ಸ್ವಚ್ಛ.

"ನೋಡ್ರಿ ಅಕ್ಕಾರ, ಇಷ್ಟು ದಿನ ಮಕ್ಕಳಿಗೆ ಇದನ್ನ ಕುಡಸಾಕತ್ತೀರಿ."

ಈ ಒಂದು ಮಾತಿಗೆ ಹತ್ತು, ಹದಿನೈದು ಸಾವಿರ ರೂಪಾಯಿಯ ಯಂತ್ರ ಮಾರಾಟ ಆಗ್ತದೆ. ಮಗ್ಗದ ಕೂಲಿಯಲ್ಲಿ ನಡೆಯುವ ಮನೆಗೆ ಅದು ಎಷ್ಟು ವಾರದ ದುಡಿಮೆ ಅಂತ ನೀವೇ ಲೆಕ್ಕ ಹಾಕಿ. ಹೋಗಲಿ, ಆ ದುಡ್ಡಿಗೆ ಮನೆಯವರ ಆರೋಗ್ಯ ಸುಧಾರಿಸಿದರೆ ಸರಿ. ಆದರೆ ಆ ಪ್ರದರ್ಶನಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲ. ಅದನ್ನು ಬಿಡಿಸಿ ಹೇಳೋದಕ್ಕೆ ನಮಗಿಂತ ಅನುಕೂಲ ಇರುವವರು ಯಾರಿದ್ದಾರೆ? ಪ್ರಥಮ ವರ್ಷದ ಕೆಮಿಸ್ಟ್ರಿ ಲ್ಯಾಬು ಪಾಸಾಗಿದ್ದರೆ ಸಾಕು.

ಕಂದು ಬಣ್ಣ ಎಲ್ಲಿಂದ ಬಂತು?

ಪೆಟ್ಟಿಗೆಯೊಳಗೆ ಇರೋದು ಎಸಿಯನ್ನು ಡಿಸಿ ಮಾಡುವ ಒಂದು ಸಾದಾ ರೆಕ್ಟಿಫೈಯರ್. ಕಡ್ಡಿಗಳಲ್ಲಿ ಕೆಲವು ಕಬ್ಬಿಣದವು, ಕೆಲವು ಹೆಚ್ಚಾಗಿ ಅಲ್ಯೂಮಿನಿಯಂನವು. ನಡೀತಿರೋದು ಎಲೆಕ್ಟ್ರಾಲಿಸಿಸ್, ಅಂದರೆ ಪಿಯುಸಿ ಪುಸ್ತಕದ ವಿದ್ಯುದ್ವಿಭಜನೆ. ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್ ಮುಂತಾದ ಲವಣಗಳು ಅಯಾನುಗಳಾಗಿ ಕರಗಿರ್ತವೆ. ಹಾಗಾಗಿ ಕರೆಂಟು ಹರೀತದೆ. ಕರೆಂಟು ಹರಿದಾಗ ಆನೋಡಿನಲ್ಲಿರುವ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳೀತದೆ. ಕ್ಯಾಥೋಡಿನಲ್ಲಿ ಹೈಡ್ರೋಜನ್ ಗುಳ್ಳೆ ಎದ್ದು, ಹೈಡ್ರಾಕ್ಸೈಡ್ ಅಯಾನು ಉಳೀತದೆ. ಇವೆರಡೂ ಸೇರಿದಾಗ ಮೊದಲು ಹಸಿರು ಛಾಯೆಯ ಫೆರಸ್ ಹೈಡ್ರಾಕ್ಸೈಡ್. ಗಾಳಿಯ ಆಮ್ಲಜನಕ ತಾಗಿದ ಮೇಲೆ ಅದೇ ತುಕ್ಕಿನ ಬಣ್ಣದ ಫೆರಿಕ್ ಹೈಡ್ರಾಕ್ಸೈಡ್. ನೊರೆ ಅಂದರೆ ಆ ಹೈಡ್ರೋಜನ್ ಗುಳ್ಳೆಗಳು ಮೇಲಕ್ಕೆ ತಳ್ಳಿದ ತುಕ್ಕು. ನೇರವಾಗಿ ಹೇಳಬೇಕಂದ್ರೆ, ಗ್ಲಾಸಿನಲ್ಲಿ ಕಾಣುವ ಹೊಲಸು ನೀರಿನಲ್ಲಿ ಇದ್ದದ್ದಲ್ಲ, ಆತನ ಕಡ್ಡಿಯಿಂದ ಬಂದದ್ದು.

ಎಷ್ಟು ಬಂತು ಅನ್ನೋದನ್ನೂ ಲೆಕ್ಕ ಹಾಕಬಹುದು. ಒಂದು ನಿಮಿಷ 0.3 ಆಂಪಿಯರ್ ಹರಿಯಿತು ಅಂತ ಇಟ್ಟುಕೊಳ್ಳಿ. 18 ಕೂಲಂಬ್ ಆಯಿತು. ಫ್ಯಾರಡೆಯ ನಿಯಮದ ಪ್ರಕಾರ ಒಂದು ಕೂಲಂಬಿಗೆ ಸುಮಾರು 0.29 ಮಿಲಿಗ್ರಾಂ ಕಬ್ಬಿಣ ಕರಗ್ತದೆ. ಒಟ್ಟು 5 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ. ಅದು ಹೈಡ್ರಾಕ್ಸೈಡ್ ಆದಾಗ ತೂಕ ಸುಮಾರು 10 ಮಿಲಿಗ್ರಾಂ. ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ. ಆದರೆ ಅದು ಹತ್ತಿಯಂತೆ ಉಬ್ಬಿ ಹರಡಿಕೊಳ್ಳೋದರಿಂದ ಗ್ಲಾಸು ತುಂಬ ಕೆಸರು ತುಂಬಿದ ಹಾಗೆ ಕಾಣ್ತದೆ. ಕಣ್ಣಿಗೆ ಮಿಲಿಗ್ರಾಂ ಗೊತ್ತಾಗೋದಿಲ್ಲ, ಬಣ್ಣ ಗೊತ್ತಾಗ್ತದೆ. ಮಾರುವವನ ಬಂಡವಾಳ ಇದೇ.

ಹಾಗಾದರೆ ಬಾಟಲಿಯ ನೀರು ಯಾಕೆ ಬಣ್ಣ ತಿರುಗಲಿಲ್ಲ? ಅದು ಆರ್‌ಓ ನೀರು. ಲವಣ ಹೆಚ್ಚುಕಡಿಮೆ ಎಲ್ಲಾ ತೆಗೆದುಬಿಟ್ಟಿರ್ತದೆ. ಅಯಾನು ಇಲ್ಲ ಅಂದ್ರೆ ಕರೆಂಟು ಇಲ್ಲ, ಕರೆಂಟು ಇಲ್ಲ ಅಂದ್ರೆ ಕಡ್ಡಿ ಕರಗೋದಿಲ್ಲ. ಅಷ್ಟೇ ಕಥೆ. ಆ "ಶುದ್ಧ" ಗ್ಲಾಸಿಗೆ ಅಡುಗೆಮನೆಯ ಉಪ್ಪು ಒಂದು ಚಿಟಿಕೆ ಹಾಕಿ, ಕಲಕಿ, ಮತ್ತೆ ಕಡ್ಡಿ ಇಳಿಸು ಅನ್ನಿ. ಮನೆಯ ನೀರಿಗಿಂತ ಜೋರಾಗಿ ಕಂದಾಗ್ತದೆ. ಉಪ್ಪು ಹಾಕಿದ ನೀರು ವಿಷ ಅಂತ ಆತನೂ ಹೇಳಲಾರ.

ಇದಕ್ಕಿಂತ ಮಜಾ ಇರೋದು ಇನ್ನೊಂದು. ಅಲ್ಟ್ರಾವಯಲೆಟ್ ದೀಪದಿಂದ ಕ್ರಿಮಿ ಕೊಲ್ಲುವ ಯಂತ್ರ, ಕ್ಯಾಂಡಲ್ ಫಿಲ್ಟರು, ಇವು ಲವಣವನ್ನು ತೆಗೆಯೋದೇ ಇಲ್ಲ. ಅವುಗಳಿಂದ ಬಂದ ನೀರನ್ನು ಈ ಪೆಟ್ಟಿಗೆಗೆ ಕೊಟ್ಟರೂ ಕಂದಾಗ್ತದೆ. ಕುದಿಸಿ ಆರಿಸಿದ ನೀರೂ ಕಂದಾಗ್ತದೆ. ಎಳನೀರು ಸಹ. ಎಳನೀರು ಕುಡಿಯಬೇಡ್ರಿ ಅಂತ ಯಾವ ಡಾಕ್ಟರು ಹೇಳಿದ್ದಾರೆ? ತಮಾಷೆ ಅಂದರೆ, ಲೋಹದ ಕಡ್ಡಿಯನ್ನು ನೀರಿನಲ್ಲಿ ಬೇಕಂತಲೇ ಕರಗಿಸಿ, ಆ ಹೈಡ್ರಾಕ್ಸೈಡಿಗೆ ಕೊಳೆ ಅಂಟಿಸಿ ತೆಗೆಯುವ ಎಲೆಕ್ಟ್ರೋಕೊಯಾಗ್ಯುಲೇಶನ್ ಎಂಬ ವಿಧಾನವೇ ಇದೆ. ಕಾರ್ಖಾನೆಗಳ ಕೊಳಚೆ ನೀರನ್ನು ಹಾಗೆ ಶುದ್ಧ ಮಾಡ್ತಾರೆ. ಅಂದರೆ ನೀರು ಶುದ್ಧ ಮಾಡುವ ತಂತ್ರವನ್ನೇ ನೀರು ಹೊಲಸಾಗಿದೆ ಅಂತ ತೋರಿಸೋಕೆ ಬಳಸಿಕೊಂಡಿದ್ದಾರೆ.

(ಒಂದು ಮಾತು. ಈ ಪೆಟ್ಟಿಗೆಗಳು ಮನೆಯ 230 ವೋಲ್ಟಿಗೇ ಜೋಡಿಸಿದವು. ಅದನ್ನು ಕಿತ್ತುಕೊಂಡು ನೀವು ಪ್ರಯೋಗ ಮಾಡಬೇಡಿ. ನೋಡಬೇಕು ಅನ್ನಿಸಿದರೆ ಲ್ಯಾಬಿನಲ್ಲಿ 12 ವೋಲ್ಟಿನ ಡಿಸಿ ಸಪ್ಲೈ, ಎರಡು ಮೊಳೆ ಸಾಕು. ಸ್ವಲ್ಪ ನಿಧಾನ ಆಗ್ತದೆ, ಅಷ್ಟೇ.)

ಮೀಟರು ಹೇಳುವ ಅರ್ಧ ಸತ್ಯ

ಕೆಲವರು ಕಡ್ಡಿ ಪೆಟ್ಟಿಗೆ ತರೋದಿಲ್ಲ, ಪೆನ್ನಿನಷ್ಟುದ್ದ ಟಿಡಿಎಸ್ ಮೀಟರ್ ತರ್ತಾರೆ. ಇದು ಅದಕ್ಕಿಂತ ಸಭ್ಯ. ಅಳತೆ ನಿಜವಾದದ್ದೇ, ಆದರೆ ಅರ್ಥ ತಿರುಚಿದ್ದು. ಮೀಟರು ಅಳೆಯೋದು ನೀರಿನ ವಾಹಕತೆಯನ್ನು. ಅದನ್ನು ಸುಮಾರು 0.5ರಿಂದ 0.7ರ ನಡುವಿನ ಒಂದು ಅಂಕಿಯಿಂದ ಗುಣಿಸಿ, ಇಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ಅಂದಾಜು ಹೇಳ್ತದೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಗೊತ್ತಾಗೋದಿಲ್ಲ. ಅಯಾನು ಆಗದ ಕೀಟನಾಶಕ ಗೊತ್ತಾಗೋದಿಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 2000ವರೆಗೆ ನಡೀತದೆ. ಬಾಗಿಲಲ್ಲಿ ಮೀಟರು 620 ತೋರಿಸಿದ ಕೂಡಲೇ "ಕಿಡ್ನಿ ಹೋಗ್ತದ" ಅನ್ನುವವನು ಈ ಎರಡನೇ ಅಂಕಿಯನ್ನು ಬಾಯಿಗೆ ತರೋದಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕು ಅಂತಲೇ ಹೇಳಿತ್ತು. ಕಾರಣ ಸರಳ. ಆರ್‌ಓ ಒಂದು ಲೀಟರು ಕೊಡೋಕೆ ಎರಡು ಮೂರು ಲೀಟರು ಹೊರಗೆ ಚೆಲ್ಲುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿಯವರೆಗೆ ಓದಿದವರು "ಅಂದ್ರೆ ನಮ್ಮ ನೀರು ಚೆನ್ನಾಗಿದೆ, ಯಂತ್ರ ಬೇಡ" ಅಂದುಕೊಂಡರೆ ಅದೂ ತಪ್ಪಾಗ್ತದೆ. ಇಲ್ಲಿಂದ ಮುಂದಿನದ್ದೇ ನನಗೆ ಮುಖ್ಯ ಅನ್ನಿಸಿರುವ ಸಂಗತಿ.

ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕರ್ನಾಟಕದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಇಳಕಲ್ಲಿನ ಕೆಂಪು ಗ್ರಾನೈಟು ದೇಶ ವಿದೇಶಕ್ಕೆ ಹೋಗ್ತದೆ, ನಮಗೆಲ್ಲ ಗೊತ್ತು. ಗ್ರಾನೈಟಿನಂಥ ಕಲ್ಲಿನೊಳಗೆ ಫ್ಲೋರೈಟ್, ಅಪಟೈಟ್, ಬಯೋಟೈಟ್ ಎಂಬ ಖನಿಜಗಳಿರ್ತವೆ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅವುಗಳಿಂದ ಫ್ಲೋರೈಡ್ ಎಳೆದುಕೊಳ್ತದೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಇಂಥ ಹಳೆಯ ನೀರು ಸಿಗುವ ಸಂಭವ ಹೆಚ್ಚು. ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲ ಇಲ್ಲದಿದ್ದರೆ ಕೊನೆಯ ಮಿತಿ 1.5. ಅದಕ್ಕಿಂತ ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳ್ತದೆ. ಇನ್ನೂ ಹೆಚ್ಚು ಪ್ರಮಾಣದಲ್ಲಿ ಬಹಳ ವರ್ಷ ಕುಡಿದರೆ ಎಲುಬು, ಕೀಲು ಬಿಗೀತವೆ. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟೂ ದಟ್ಟ ಆಗ್ತದೆ. ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ.

ಈಗ ಎರಡು ಗ್ಲಾಸನ್ನು ಮತ್ತೆ ನೆನಪಿಸಿಕೊಳ್ಳಿ. ಉದಾಹರಣೆಗೆ ಒಂದು ಮನೆಯ ನೀರಿನ ಟಿಡಿಎಸ್ 900, ಫ್ಲೋರೈಡ್ 0.6. ಇನ್ನೊಂದು ಮನೆಯದ್ದು ಟಿಡಿಎಸ್ 350, ಫ್ಲೋರೈಡ್ 2.5. ಕಡ್ಡಿ ಪೆಟ್ಟಿಗೆ ಮೊದಲನೇ ಮನೆಯ ನೀರನ್ನು ಕೆಸರು ಮಾಡಿ ತೋರಿಸ್ತದೆ, ಎರಡನೆಯದು ಅಷ್ಟಾಗಿ ಕಂದಾಗೋದಿಲ್ಲ. ಮೀಟರೂ ಹಾಗೇ ಹೇಳ್ತದೆ. ಮಕ್ಕಳ ಹಲ್ಲು, ಅಜ್ಜಿಯ ಮೊಣಕಾಲು ಕೆಡಿಸುವ ನೀರು ಎರಡನೇ ಮನೆಯದ್ದು. ಒಟ್ಟು 350ರಲ್ಲಿ ಆ 2.5 ಮಿಲಿಗ್ರಾಂ ನೂರಕ್ಕೆ ಒಂದು ಪಾಲೂ ಅಲ್ಲ, ಮೀಟರಿನ ತಪ್ಪಿನ ಅಂಚಿನೊಳಗೇ ಮುಚ್ಚಿಹೋಗ್ತದೆ. ಅಂದರೆ ಬಾಗಿಲಿಗೆ ಬಂದ ಪ್ರಯೋಗಶಾಲೆ ಸುಮ್ಮನಿರಬೇಕಾದ ಕಡೆ ಹೆದರಿಸಿ, ಹೆದರಬೇಕಾದ ಕಡೆ ಸಮಾಧಾನ ಹೇಳಿ ಹೋಗ್ತದೆ. ದುಡ್ಡು ಹೋದದ್ದಕ್ಕಿಂತ ನನಗೆ ಸಿಟ್ಟು ಬರೋದು ಇದಕ್ಕೆ.

ಆರ್‌ಓ ಫ್ಲೋರೈಡನ್ನು ಬಹುಮಟ್ಟಿಗೆ ತೆಗೀತದೆ, ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಭಾಗದ ಎಷ್ಟೋ ಮನೆಗೆ ಅದು ಬೇಕಾಗಿಯೂ ಇರಬಹುದು. ಆದರೆ ಯಂತ್ರ ಬೇಕೋ ಬೇಡವೋ ಅನ್ನೋದನ್ನು ಫ್ಲೋರೈಡಿನ ಅಂಕಿ ನಿರ್ಧರಿಸಬೇಕು, ತುಕ್ಕು ಹಿಡಿದ ಕಡ್ಡಿ ಅಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೆಟ್ಟಗೆ ನಡೀತಿದ್ದರೆ ಕೊಡ ಹೊತ್ತು ತಂದರೂ ಸಾಕಾಗ್ತದೆ. ಬಾಗಿಲಲ್ಲಿ ಇದೇ ಮಾತು ಹೇಳಿ ಆರ್‌ಓ ಬದಲು ಅಲ್ಟ್ರಾವಯಲೆಟ್ ಯಂತ್ರ ಕೊಟ್ಟು ಹೋದರಂತೂ ಮನೆಯವರು ಸಾವಿರಾರು ರೂಪಾಯಿ ಕೊಟ್ಟು ಅದೇ ಫ್ಲೋರೈಡನ್ನೇ ಕುಡೀತಿರ್ತಾರೆ. ಈ ಸಲ ನೆಮ್ಮದಿಯಿಂದ.

ಗೊತ್ತಿದ್ದವರಿಗೂ ಮೋಸ ಆಗೋದು ಹೇಗೆ

"ಓದು ಬರಹ ಇಲ್ಲದವರು ಮೋಸ ಹೋಗ್ತಾರೆ" ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಮಗ್ಗದ ಮನೆಯ ಹೆಣ್ಣುಮಗಳ ಕೈಗೆ ಒಂದು ಸೀರೆ ಕೊಟ್ಟು ನೋಡಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸೋದಕ್ಕೆ ಕೊಂಡಿ ಅಂತಾರೆ. ಆಕೆ ಸೆರಗು ಶುರುವಾಗುವ ಕಡೆ ತಿರುವಿ, ಆ ಕೊಂಡಿಯ ಸಾಲು ಇದೆಯೋ ಇಲ್ಲವೋ ಬೆರಳಲ್ಲೇ ಹೇಳ್ತಾಳೆ. ಪವರ್‌ಲೂಮಿನಲ್ಲಿ ಒಂದೇ ಹಾಸಿನಿಂದ ನೇಯ್ದು ಟೋಪ್ ತೆನಿಯಂತೆ ಬಣ್ಣ ಹಚ್ಚಿದ್ದು ಯಾವುದು, ರೇಷ್ಮೆ ಯಾವುದು, ಪಾಲಿಯೆಸ್ಟರ್ ಯಾವುದು, ಒಂದು ಎಳೆ ಸುಟ್ಟು ತೋರಿಸ್ತಾಳೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿ. ನಮ್ಮ ಲ್ಯಾಬಿನ ಯಾವ ಪರೀಕ್ಷೆಗೂ ಇದು ಕಡಿಮೆ ಅಲ್ಲ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಗಂಟು ಬಿಚ್ಚಿ "ಇಳಕಲ್ ಕೈಮಗ್ಗ ಮೇಡಂ, ನೇರ ನೇಕಾರರಿಂದ" ಅಂತ ಪವರ್‌ಲೂಮಿನ ಸೀರೆ ಮಾರಿದರೆ, ಅಲ್ಲಿಯ ಸಾಫ್ಟ್‌ವೇರ್ ಇಂಜಿನಿಯರ್ ಮಾತಾಡದೆ ದುಡ್ಡು ಕೊಡ್ತಾಳೆ. ನೀರಿನಲ್ಲಿ ಇವರಿಗೆ ಆದದ್ದು ಸೀರೆಯಲ್ಲಿ ಅವರಿಗೆ ಆಗ್ತದೆ. ಅಲ್ಲಿ ಮೋಸ ಹೋದದ್ದು ಕೊಂಡವಳು, ಹೊಡೆತ ಬಿದ್ದದ್ದು ಇಲ್ಲಿಯ ಮಗ್ಗಕ್ಕೆ.

ಬಾಗಿಲಲ್ಲಿ ನಡೆಯುವ ಮಾರಾಟಕ್ಕೆ ಅಂಗಡಿಯ ಮಾರಾಟಕ್ಕಿಲ್ಲದ ಒಂದು ಬಲ ಇದೆ. ಅಂಗಡಿಯಲ್ಲಿ ಬೇಡ ಅನ್ನಿಸಿದರೆ ನಾವೇ ಎದ್ದು ಬರಬಹುದು. ಮನೆಯಲ್ಲಿ ಎದ್ದು ಎಲ್ಲಿಗೆ ಹೋಗೋದು? ಬಂದವನನ್ನು ಹೋಗು ಅನ್ನಬೇಕು, ಅದು ನಮ್ಮ ಬಾಯಲ್ಲಿ ಬರೋದಿಲ್ಲ. ಆತ ಅರ್ಧ ಗಂಟೆ ಬೆವರು ಸುರಿಸಿ "ಫ್ರೀ ಟೆಸ್ಟ್" ಮಾಡಿರ್ತಾನೆ, ಅದೊಂದು ಋಣ. "ಮೂಲಿಮನಿ ಅಕ್ಕಾರು ತೊಗೊಂಡ್ರು" ಅನ್ನೋದು ಇನ್ನೊಂದು. ಹೋಗಿ ಕೇಳಿದರೆ ಮೂಲೆಮನೆಯವರಿಗೂ ನಿಮ್ಮ ಹೆಸರೇ ಹೇಳಿರ್ತಾನೆ. "ಇವತ್ತು ಒಂದಿನ ಮಾತ್ರ ಈ ರೇಟು, ನಾಳೆ ಗಾಡಿ ಬಾದಾಮಿ ಕಡೆ ಹೋಗ್ತದ" ಅನ್ನೋದು ಯೋಚನೆ ಮಾಡೋಕೆ, ಮಕ್ಕಳಿಗೆ ಫೋನ್ ಮಾಡೋಕೆ ಸಮಯ ಕೊಡದಿರುವ ಉಪಾಯ. ನಾಳೆಯೂ ಬರುವ ರೇಟಾದರೆ ಇವತ್ತೇ ಯಾಕೆ ಕೊಡಬೇಕು? ಕೊನೆಗೆ ಐದುನೂರು ರೂಪಾಯಿ ಅಡ್ವಾನ್ಸು, ಉಳಿದದ್ದು ಕಂತು, ಖಾಲಿ ಬಿಟ್ಟ ಫಾರಮ್ಮಿಗೆ ಒಂದು ಸಹಿ. ಬೆಲೆ, ಬಡ್ಡಿ, ವಾರ್ಷಿಕ ಸರ್ವೀಸಿನ ದುಡ್ಡು ಆಮೇಲೆ ಆ ಫಾರಮ್ಮಿನಲ್ಲಿ ಬರ್ತವೆ. ಆರ್‌ಓ ಯಂತ್ರದ ವಿಷಯದಲ್ಲಿ ನಿಜವಾದ ಖರ್ಚು ಅದೇ. ಮೆಂಬ್ರೇನು, ಫಿಲ್ಟರು ಆಗಾಗ ಬದಲಾಯಿಸಲೇಬೇಕು.

ಸ್ಕ್ರ್ಯಾಚ್ ಕಾರ್ಡಿನಲ್ಲಿ ಮಿಕ್ಸರ್ ಬಂದಿದೆ, ಟ್ಯಾಕ್ಸ್ ಮಾತ್ರ ಕಟ್ಟಿ ಅನ್ನುವವರು, ಗ್ಯಾಸ್ ಕಂಪನಿಯಿಂದ ಬಂದಿದ್ದೇವೆ ಅಂತ ಹೇಳಿ ಪೈಪು ಬದಲಾಯಿಸಿ ಇನ್ನೂರು ಮುನ್ನೂರು ಕಿತ್ತುವವರು, ಇವರದ್ದೆಲ್ಲ ಇದೇ ಅಚ್ಚು. ಗ್ಯಾಸಿನವರ ವಿಷಯದಲ್ಲಿ ಪರೀಕ್ಷೆ ಸುಲಭ: ನಿಮ್ಮ ಏಜೆನ್ಸಿಗೆ ಒಂದು ಫೋನ್ ಮಾಡಿ, ಕಳಿಸಿದ್ದೀರಾ ಅಂತ ಕೇಳಿ.

ಆ ಕರಿ ಬ್ಯಾಗು ಹೊತ್ತವನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗ್ತದೆ. ಎಷ್ಟೋ ಸಲ ಆತ ನಮ್ಮ ವಯಸ್ಸಿನವನೇ. "ಮ್ಯಾನೇಜ್‌ಮೆಂಟ್ ಟ್ರೇನಿ", "ಇಂಟರ್ನ್‌ಶಿಪ್" ಅಂತ ಕರೆಸಿ, ಎರಡು ದಿನ ಇಂಗ್ಲಿಷಿನಲ್ಲಿ ಹುರುಪು ತುಂಬಿ, ಮೂರನೇ ದಿನ ಬ್ಯಾಗು ಹೊರಿಸಿ ಓಣಿಗೆ ಬಿಟ್ಟಿರ್ತಾರೆ. ಸಂಬಳ ಇಲ್ಲ, ಮಾರಿದರೆ ಕಮಿಷನ್. ಆ ಪೆಟ್ಟಿಗೆಯಲ್ಲಿ ಏನಾಗ್ತದೆ ಅಂತ ಕೆಲವರಿಗೆ ಗೊತ್ತಿರೋದೇ ಇಲ್ಲ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿರ್ತಾರೆ. ಸೆಮಿಸ್ಟರ್ ರಜೆಯಲ್ಲಿ ಇಂಥ ಕೆಲಸದ ಮೆಸೇಜು ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಸೇರೋಕೆ ನೀವೇ ದುಡ್ಡು ಕಟ್ಟಬೇಕು, ಇನ್ನಿಬ್ಬರನ್ನು ಸೇರಿಸಿದರೆ ನಿಮಗೆ ದುಡ್ಡು ಅಂದರೆ ಅದು ಪಿರಮಿಡ್ ಯೋಜನೆ. 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯಡಿ ಅಂಥದ್ದಕ್ಕೆ ಜನ ಸೇರಿಸುವವರೂ ಅಪರಾಧಿಗಳಾಗಬಹುದು.

ಕಾಗದ ಇದ್ದರೆ ಕಾಯ್ದೆ

ಈಗ ಇರುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು. 1986ರ ಹಳೆಯ ಕಾಯ್ದೆಯ ಜಾಗದಲ್ಲಿ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಅಂದರೆ ಏನು ಅಂತ ಪಟ್ಟಿ ಮಾಡ್ತದೆ. ವಸ್ತುವಿನ ಗುಣಮಟ್ಟದ ಬಗ್ಗೆ, ಉಪಯೋಗದ ಬಗ್ಗೆ, ಅದು ನಿಮಗೆ ಬೇಕೇಬೇಕು ಅನ್ನೋದರ ಬಗ್ಗೆ ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ಕೊಡೋದು ಅದರಲ್ಲಿ ಬರ್ತದೆ. ಹೇಳಿಕೆ ಬರಹದಲ್ಲೇ ಇರಬೇಕಂತಿಲ್ಲ. ಬಾಯಿಮಾತೂ ಆದೀತು, ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದ್ದೂ ಆದೀತು. ಎರಡು ಗ್ಲಾಸಿನ ಆಟ ಇದರೊಳಗೆ ಸರಿಯಾಗಿ ಕೂರ್ತದೆ.

ಅದೇ ಕಲಮಿನಲ್ಲಿ ಇನ್ನೆರಡು ಕೆಲಸಕ್ಕೆ ಬರುವ ಅಂಶಗಳಿವೆ. ಮಾರಿದ ಮೇಲೆ ಬಿಲ್ಲು ಕೊಡದಿರೋದು ತಾನೇ ಒಂದು ಅನುಚಿತ ಪದ್ಧತಿ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲ ಅಂದರೆ 30 ದಿನದೊಳಗೆ, ವಾಪಸು ತೆಗೆದುಕೊಂಡು ದುಡ್ಡು ಕೊಡೋಕೆ ಒಪ್ಪದಿರೋದು ಇನ್ನೊಂದು. ಗಮನಿಸಿ, ಇದು ದೋಷ ಇರುವ ವಸ್ತುವಿನ ಮಾತು. "ಮನಸ್ಸು ಬದಲಾಯಿತು, ವಾಪಸ್ ತಗೋ" ಅನ್ನುವ ಹಕ್ಕು ನಮ್ಮ ಕಾಯ್ದೆಯಲ್ಲಿ ಸಾಮಾನ್ಯವಾಗಿ ಇಲ್ಲ. ಅಮೆರಿಕದಲ್ಲಿ ಮನೆ ಬಾಗಿಲಲ್ಲಿ ಕೊಂಡದ್ದನ್ನು ಮೂರು ಕೆಲಸದ ದಿನದೊಳಗೆ ರದ್ದು ಮಾಡುವ ನಿಯಮ 1974ರಿಂದ ಇದೆ. ಯುರೋಪ್ ಒಕ್ಕೂಟದಲ್ಲಿ 14 ದಿನ. ಬಾಗಿಲಲ್ಲಿ ಆಗುವ ವ್ಯಾಪಾರ ಅಂಗಡಿಯ ವ್ಯಾಪಾರದಂತಲ್ಲ, ಒತ್ತಡದಲ್ಲಿ ಆಗೋದು ಅಂತ ಅಲ್ಲಿಯ ಕಾನೂನು ಒಪ್ಪಿಕೊಂಡಿದೆ. ನಮ್ಮಲ್ಲೂ ಬೇಕಾಗಿದ್ದದ್ದು ಇದೇ ಅಂತ ನನ್ನ ಅನಿಸಿಕೆ.

ಅದಕ್ಕೆ ಹತ್ತಿರ ಬಂದಿರೋದು 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳು. ಮಾರಾಟಗಾರರ ಜಾಲದ ಮೂಲಕ, ಅಂಗಡಿ ಇಲ್ಲದೆ ಮಾರುವ ಕಂಪನಿಗಳಿಗೆ ಇವು ಅನ್ವಯಿಸ್ತವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಅಥವಾ ಒಪ್ಪಿಗೆ ಪಡೆಯದೆ ಮಾರಾಟಗಾರ ಮನೆಗೆ ಬರುವ ಹಾಗಿಲ್ಲ. ಮಾತು ಶುರು ಮಾಡುವ ಮೊದಲೇ ತಾನು ಯಾರು, ಯಾವ ಕಂಪನಿ, ಏನು ಮಾರೋಕೆ ಬಂದಿದ್ದೇನೆ ಅಂತ ಹೇಳಬೇಕು. "ನೀರು ಟೆಸ್ಟ್ ಮಾಡೋಕ ಬಂದೇವಿ" ಅನ್ನೋದು ಇಲ್ಲೇ ಬಿದ್ದುಹೋಗ್ತದೆ. ಕಂಪನಿಗೆ ದೂರು ಕೇಳುವ ಅಧಿಕಾರಿ ಇರಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ದೂರು ಬಗೆಹರಿಯಬೇಕು. ಸಂಬಳಕ್ಕೆ ಇಟ್ಟುಕೊಂಡ ಹುಡುಗರನ್ನು ಕಳಿಸುವ ಕಂಪನಿ "ಈ ನಿಯಮ ನಮಗಲ್ಲ" ಅಂತ ವಾದ ಮಾಡಬಹುದು. ಮಾಡಲಿ, 2019ರ ಕಾಯ್ದೆಯಿಂದ ಅವರೂ ತಪ್ಪಿಸಿಕೊಳ್ಳಲಾರರು.

ಇನ್ನು ದೂರು ಕೊಡೋದು. ಮೊದಲನೇ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂಪನಿಗೆ ಹೆಸರಿನ ಚಿಂತೆ ಇದ್ದರೆ ಎಷ್ಟೋ ಪ್ರಕರಣ ಇಲ್ಲೇ ಮುಗೀತವೆ. ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ, ನಮಗೆ ಬಾಗಲಕೋಟೆಯಲ್ಲೇ ಇದೆ. ಕಂಪನಿಯ ಆಫೀಸು ಪುಣೆಯಲ್ಲಿರಲಿ, ದಿಲ್ಲಿಯಲ್ಲಿರಲಿ, ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕಂತಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನಿನಲ್ಲೂ ಆಗ್ತದೆ. ಮೊದಲು ಇ-ದಾಖಿಲ್ ಇತ್ತು, 2025ರಿಂದ ಇ-ಜಾಗೃತಿ. ಅವ್ವಂದಿರಿಗೆ ಒಟಿಪಿ, ಪಿಡಿಎಫ್ ತಲೆನೋವು. ಅಲ್ಲಿ ಮಕ್ಕಳು ಕೂತು ತುಂಬಬೇಕು. ವಸ್ತುವಿನ ದೋಷ ಪರೀಕ್ಷೆ ಇಲ್ಲದೆ ಗೊತ್ತಾಗೋದಿಲ್ಲ ಅಂದರೆ ಆಯೋಗವೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳ್ತದೆ. ಅದಕ್ಕಿಂತ ಹೆಚ್ಚು ಹಿಡಿದರೆ ಆಶ್ಚರ್ಯ ಪಡಬೇಡಿ.

ಇದೆಲ್ಲ ನಿಂತಿರೋದು ಕಾಗದದ ಮೇಲೆ. ಬಿಲ್ಲು ಇಲ್ಲ, ಫೋನ್‌ಪೇ ಮಾಡಿಲ್ಲ, ನಗದು ಕೊಟ್ಟು ಕಳಿಸಿದ್ದೇವೆ, ಹೆಸರು ಗೊತ್ತಿಲ್ಲ ಅಂದರೆ ಯಾರ ಮೇಲೆ ಕೇಸು? ಹಾಗಾಗಿ ಮನೆಯವರಿಗೆ ಹೇಳೋದಾದರೆ ಹತ್ತು ಬುದ್ಧಿಮಾತು ಬೇಡ. ಬಿಲ್ಲು ಇಲ್ಲದೆ ದುಡ್ಡು ಕೊಡಬೇಡಿ, ಕೊಡೋದಾದರೆ ಕಂಪನಿಯ ಖಾತೆಗೆ ಕೊಡಿ, ಖಾಲಿ ಕಾಗದಕ್ಕೆ ಸಹಿ ಬೇಡ. ಇನ್ನೊಂದು ಉಪಾಯ, ಪ್ರಯೋಗ ಮಾಡುವಾಗ ಮೊಬೈಲ್ ಹಿಡಿದು "ಮಗಗ ತೋರಸ್ತೀನಿ, ವಿಡಿಯೋ ಮಾಡ್ಲೇನ್ರಿ?" ಅಂತ ಕೇಳೋದು. ನಿಜ ಹೇಳುವವನಿಗೆ ಅದರಿಂದ ತೊಂದರೆ ಇಲ್ಲ. ಬೇಡ ಅಂದರೆ ಉತ್ತರ ಅಲ್ಲೇ ಸಿಕ್ಕಿತು. ಒಪ್ಪಿದರೆ ಆ ವಿಡಿಯೋ ಮುಂದೆ ಆಯೋಗದ ಎದುರು ಸಾಕ್ಷಿ ಆಗ್ತದೆ.

ಮತ್ತೆ ಫ್ಲೋರೈಡ್. ಜಲ ಜೀವನ್ ಮಿಷನ್ನಿನಡಿ ಗ್ರಾಮ ಪಂಚಾಯ್ತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯವೂ ಇದೆ. ಪಂಚಾಯ್ತಿಯಲ್ಲಿ ಕೇಳಿದರೆ ನಿಮ್ಮ ಬೋರ್‌ವೆಲ್ಲಿನ ಹಿಂದಿನ ಅಂಕಿ ಸಿಗಬಹುದು. ಸಿಗಲಿಲ್ಲ ಅಂದರೆ ಸಿವಿಲ್ ವಿಭಾಗದ ಎನ್ವಿರಾನ್‌ಮೆಂಟಲ್ ಲ್ಯಾಬಿನಲ್ಲಿ ಸ್ಪೆಕ್ಟ್ರೋಫೋಟೋಮೀಟರಿನಿಂದಲೋ, ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡಿನಿಂದಲೋ ಅಳೆಯಬಹುದು. ಮೇಷ್ಟ್ರನ್ನು ಮೊದಲೇ ಕೇಳಿಕೊಳ್ಳಿ.

ಈ ಶನಿವಾರ ಊರಿಗೆ ಹೋಗುವವರು ಬರುವಾಗ ನೀರು ತನ್ನಿ. ಗಾಜಿನ ಬಾಟಲಿ ಬೇಡ, ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯೇ ಸರಿ. ಅರ್ಧ ಲೀಟರು ಸಾಕು. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ತೊಳೆದು, ಕುತ್ತಿಗೆವರೆಗೆ ತುಂಬಿ. ಮೇಲೆ ಊರು, ಓಣಿ, ನಲ್ಲಿಯೋ ಬೋರೋ, ತಾರೀಖು ಬರೆದ ಚೀಟಿ ಅಂಟಿಸಿ. ಮನೆಯಲ್ಲಿ ಆಗಲೇ ಯಂತ್ರ ಕೊಂಡಿದ್ದರೆ ಅದರ ನೀರನ್ನೂ ಇನ್ನೊಂದು ಬಾಟಲಿಯಲ್ಲಿ ತನ್ನಿ.